ಶಾಲೆಯ ಶಿಸ್ತು: ಅಧ್ಯಾಪಕವರ್ಗದ ಸಮಷ್ಟಿ ಹೊಣೆ

ವಿದ್ಯಾಸಂಸ್ಥೆಯೊಂದರ ಯೋಗ್ಯತೆಯನ್ನು ಲೋಕವು ಸಾಮಾನ್ಯವಾಗಿ ಎರಡು ಅಳತೆಗೋಲುಗಳಿಂದ ಅಳೆಯುತ್ತದೆ. ಒಂದು ಕಟ್ಟಡ, ಇನ್ನೊಂದು ಎಸ್.ಎಸ್.ಎಲ್.ಸಿ. ಫಲಿತಾಂಶ. ಇವೆರಡೂ ಬೇಕಾದವುಗಳೇ. ಆದರೆ ಇವುಗಳ ನಡುವೆ ಮೂರನೆಯದೊಂದುಂಟು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಕೊನೆಯ ಗಂಟೆಯವರೆಗೆ, ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಗೆ ಆ ಶಾಲೆಯು ಒಂದೇ ಶಾಲೆಯಾಗಿ ತೋರುತ್ತದೆಯೋ, ಆರೇಳು ಬೇರೆ ಬೇರೆ ಶಾಲೆಗಳಾಗಿ ತೋರುತ್ತದೆಯೋ ಎಂಬುದೇ ಅದು.

ಹಿಂದಿನ ಕೂಲಿಮಠಗಳಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿಸುವವರೂ, ಮಗ್ಗಿ ಹೇಳಿಸುವವರೂ, ಕಾವ್ಯ ಓದಿಸುವವರೂ ಒಬ್ಬರೇ ಐಗಳು. ಮುಂದುವರಿದ ಹುಡುಗರು ಕಿರಿಯರಿಗೆ ಪಾಠ ಹೇಳಿಕೊಡುವುದು ಅಲ್ಲಿಯ ವಾಡಿಕೆ. ಇಂಥದೇ ದೇಶೀ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಅದನ್ನು 1797ರಲ್ಲಿ ಪುಸ್ತಕರೂಪದಲ್ಲಿ ಇಂಗ್ಲೆಂಡಿಗೆ ಪರಿಚಯಿಸಿದನು. ಆ ಮಠಗಳಲ್ಲಿ ಕೋದಂಡದಂಥ ಕ್ರೂರಶಿಕ್ಷೆಗಳೂ ಇದ್ದುವು, ಅವುಗಳನ್ನು ಹೊಗಳಬೇಕಾಗಿಲ್ಲ. ಆದರೆ ಒಬ್ಬ ಮಗುವಿನ ಪೂರ್ಣ ಪರಿಚಯವು ಒಬ್ಬ ಗುರುವಿಗಿತ್ತೆಂಬುದು ನಿರ್ವಿವಾದ. ಇಂದು ವಿಷಯಗಳನ್ನು ಹಂಚಿಕೊಂಡ ಅಧ್ಯಾಪಕರು ಅರಿಯದೆಯೇ ಮಗುವನ್ನೂ ಹಂಚಿಕೊಂಡಿದ್ದಾರೆ. ಗಣಿತದವರಿಗೆ ಅವನು ದಡ್ಡ, ಆಟದ ಮೇಷ್ಟರಿಗೆ ಅವನು ಚತುರ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ ಅವನು ಮೌನಿ. ಈ ಮೂವರೂ ಒಂದೆಡೆ ಕುಳಿತು ಅವನ ವಿಚಾರ ಮಾತನಾಡುವ ಸಂದರ್ಭವೇ ಬರುವುದಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಇದರ ಫಲ ಕಣ್ಣಿಗೆ ಕಾಣುವಂಥದು. ಶಾಲೆಗಳು ತೆರೆಯುವ ಜೂನ್ ತಿಂಗಳಲ್ಲಿಯೇ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ ಅರಳತೊಡಗುತ್ತದೆ. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗಬೇಕಾದ ಆ ಹೂವನ್ನು ಬಿಡಿಸಲು ಮನೆಯ ಎಲ್ಲ ಕೈಗಳೂ ಬೇಕು. ವರ್ಷದ ಕೊನೆಗೆ ಅರಿಸಿನ ಕೀಳುವ, ಬೇಯಿಸುವ ಕೆಲಸ. ಅದೇ ಕಾಲದಲ್ಲಿ ಕೊಡಗು, ವಯನಾಡುಗಳ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಸಂಸಾರಗಳೂ ಉಂಟು. ಮೂರು ವಾರ ಬಾರದೆ ಮರಳಿದ ಹುಡುಗನನ್ನು ಒಬ್ಬರು ಗದರಿಸುತ್ತಾರೆ, ಇನ್ನೊಬ್ಬರು ಕಂಡೂ ಕಾಣದಂತಿರುತ್ತಾರೆ, ಮತ್ತೊಬ್ಬರು ಹೊರಗೆ ನಿಲ್ಲಿಸುತ್ತಾರೆ. ತಪ್ಪಿಹೋದ ಪಾಠವನ್ನು ಹೇಳಿಕೊಡುವುದು ಯಾರ ಕರ್ತವ್ಯವೆಂಬುದು ಮಾತ್ರ ನಿರ್ಧಾರವಾಗಿರುವುದಿಲ್ಲ. ಪಾಠ ತಿಳಿಯದವನು ತರಗತಿಯಲ್ಲಿ ಗದ್ದಲ ಮಾಡುತ್ತಾನೆ. ಆಗ ಅವನಿಗೆ ಅಶಿಸ್ತಿನವನೆಂಬ ಹೆಸರು ಬರುತ್ತದೆ. ಮೂಲದಲ್ಲಿ ಅದು ಅಶಿಸ್ತಲ್ಲ, ಹಿಂದುಳಿದುದರ ನಾಚಿಕೆ.

ಭಾಷೆಯ ವಿಷಯವೂ ಹೀಗೆಯೇ. ಈ ಸೀಮೆಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದಾಗ ತರಗತಿ ನಗುತ್ತದೆ. ಕೆಲವೊಮ್ಮೆ ಉಪಾಧ್ಯಾಯರೂ ನಗುತ್ತಾರೆ. ಹಳಗನ್ನಡದ ‘ಪಾಲ್’ ಎಂಬುದೇ ಪಕಾರವು ಹಕಾರವಾಗಿ ‘ಹಾಲು’ ಆದುದು. ಆ ಹಕಾರವೂ ಜಾರಿದಾಗ ‘ಆಲು’. ಇದು ನಿಯಮಬದ್ಧವಾದ ಧ್ವನಿವ್ಯತ್ಯಾಸವೇ ಹೊರತು ಅಜ್ಞಾನವಲ್ಲ. ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ ತಲೆಮಾರುಗಳಿಂದ ಹಾಡಿ ಉಳಿಸಿರುವುದು ಈ ಸೀಮೆಯ ಆಡುನುಡಿಯಲ್ಲಿಯೇ. ಗ್ರಂಥಭಾಷೆಯನ್ನು ಅವಶ್ಯ ಕಲಿಸಬೇಕು. ಮನೆಯ ಮಾತನ್ನು ಅವಮಾನಿಸಿ ಕಲಿಸಬಾರದು. ಸೋಲಿಗರ ಮಕ್ಕಳಿಗೂ ಗಡಿಯೂರುಗಳ ತಮಿಳು ಮನೆಮಾತಿನ ಮಕ್ಕಳಿಗೂ ಈ ಎಚ್ಚರ ಇಮ್ಮಡಿಯಾಗಿ ಬೇಕು. ಕನ್ನಡ ಪಂಡಿತರೊಬ್ಬರು ಈ ವಿವೇಕವನ್ನು ಪಾಲಿಸಿದರೆ ಸಾಲದು. ಸಮಾಜಪಾಠದ ತರಗತಿಯಲ್ಲಿ ಒಮ್ಮೆ ನಗೆಗೀಡಾದ ಮಗು ಕನ್ನಡದ ತರಗತಿಯಲ್ಲಿಯೂ ಬಾಯಿ ತೆರೆಯದು.

ಬೆತ್ತದ ಕಾಲ ಮುಗಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವನ್ನು ಕಸಿದುಕೊಂಡು ಉಪಾಧ್ಯಾಯರ ಕೈಗೆ ಏನನ್ನು ಕೊಟ್ಟಂತಾಯಿತು ಎಂದು ಕೇಳುವವರಿದ್ದಾರೆ. ಉತ್ತರ ದೂರದಲ್ಲಿಲ್ಲ, ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೇ ಇದೆ. 1995ರಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದು, ಒಟ್ಟಿಗೆ ಕುಳಿತು ಕಲಿಕೆಯ ಮೆಟ್ಟಿಲುಗಳನ್ನು ರಚಿಸಿದರು. ಅದೇ ‘ನಲಿ-ಕಲಿ’. ಮಗು ಎಷ್ಟು ದಿನ ಬಾರದಿದ್ದರೂ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದೆಂಬುದು ಅದರ ಸಾರ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಪ್ರೌಢಶಾಲೆಗೆ ಆ ಪದ್ಧತಿ ಇದ್ದಂತೆಯೇ ಒಗ್ಗದಿರಬಹುದು. ಅದರ ತತ್ತ್ವ ಒಗ್ಗುತ್ತದೆ. ಬೆತ್ತದ ಸ್ಥಾನದಲ್ಲಿ ಬರಬೇಕಾದುದು ಒಬ್ಬ ಅಧ್ಯಾಪಕರ ಮೃದುತ್ವವಲ್ಲ, ಎಲ್ಲರ ಒಮ್ಮತ.

ಆ ಒಮ್ಮತವನ್ನು ಸಾಧಿಸುವ ದಾರಿ ಸರಳವಾದುದು. ಶಾಲೆ ತೆರೆಯುವ ಮೊದಲೇ ಮುಖ್ಯೋಪಾಧ್ಯಾಯರಿಂದ ಜವಾನರವರೆಗೆ ಎಲ್ಲರೂ ಸೇರಿ ನಾಲ್ಕೈದು ನಿಯಮಗಳನ್ನು ಮಾತ್ರ ಗೊತ್ತುಮಾಡಿಕೊಳ್ಳಲಿ. ಅವು ಎಲ್ಲ ತರಗತಿಗಳಲ್ಲಿಯೂ ಒಂದೇ ಆಗಿರಲಿ. ಪ್ರತಿ ತರಗತಿಗೆ ಒಂದು ಪುಸ್ತಕವನ್ನಿಟ್ಟು, ಮಗುವಿನ ದೂರನ್ನಲ್ಲ, ಅವನಲ್ಲಿ ಕಂಡುದನ್ನು ಒಂದೆರಡು ಸಾಲುಗಳಲ್ಲಿ ಬರೆಯಲಿ. ಶನಿವಾರದ ಅರ್ಧ ದಿನದ ಪಾಠ ಮುಗಿದ ಮೇಲೆ ಅರ್ಧ ಗಂಟೆ ಕುಳಿತು, ಅಂಕಗಳನ್ನು ಬದಿಗಿರಿಸಿ, ಮೂರು ನಾಲ್ಕು ಮಕ್ಕಳ ವಿಚಾರವನ್ನಷ್ಟೇ ಮಾತನಾಡಲಿ. ಬಹುದಿನ ಬಾರದೆ ಮರಳಿದ ಮಗುವಿಗೆ ಮೊದಲ ವಾರ ಪ್ರಶ್ನೆಯ ಬಾಣಗಳನ್ನೆಸೆಯದೆ, ಹೊಣೆ ಹೊತ್ತ ಒಬ್ಬ ಅಧ್ಯಾಪಕರನ್ನು ನೇಮಿಸಲಿ.

ಇದರಿಂದ ಅಧ್ಯಾಪಕರ ಸ್ವಾತಂತ್ರ್ಯಕ್ಕೆ ಕುಂದೆಂಬ ಆಕ್ಷೇಪ ಬರಬಹುದು. ಕಂಸಾಳೆಯ ಮೇಳದಲ್ಲಿ ಒಬ್ಬೊಬ್ಬರ ಕಂಠವೂ ಬೇರೆ, ಕುಣಿತದ ಬೆಡಗೂ ಬೇರೆ. ತಾಳ ಮಾತ್ರ ಒಂದು. ತಾಳ ತಪ್ಪಿದರೆ ಯಾರ ಕಂಠಮಾಧುರ್ಯವೂ ಮೇಳವನ್ನು ಉಳಿಸದು. ಸಮಯವೆಲ್ಲಿದೆ ಎಂಬ ಆಕ್ಷೇಪ ಇದಕ್ಕಿಂತ ನಿಜವಾದುದು. ದಾಖಲೆಗಳ ಭಾರದಿಂದ ಉಪಾಧ್ಯಾಯರು ಬಳಲಿರುವುದು ಸುಳ್ಳಲ್ಲ. ಆದರೆ ಏಳು ಮಂದಿ ಪ್ರತ್ಯೇಕವಾಗಿ ದಿನವೂ ಗದರಿಸುವುದಕ್ಕೆ ವ್ಯಯವಾಗುವ ಕಾಲವನ್ನು ಕೂಡಿಸಿದರೆ, ವಾರದ ಆ ಅರ್ಧ ಗಂಟೆ ದುಬಾರಿಯಲ್ಲ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕಾರ್ಯವುಂಟು. ಹೆಸರು ಕೆತ್ತಿಸಬಹುದಾದ ಕೊಠಡಿ ಅಗತ್ಯವೇ. ಹೆಸರು ಕೆತ್ತಲಾಗದ ದಾನವೂ ಒಂದುಂಟು. ಹಿಂದುಳಿದ ಮಕ್ಕಳಿಗಾಗಿ ಒಬ್ಬ ಹೆಚ್ಚುವರಿ ಅಧ್ಯಾಪಕರ ಸಂಬಳ, ಬಸ್ಸಿಗಾಗಿ ಕಾಯುವ ದೂರದ ಹಳ್ಳಿಯ ಮಕ್ಕಳಿಗೆ ಸಂಜೆಯ ಓದಿನ ಏರ್ಪಾಡು, ವಾರಕ್ಕೊಮ್ಮೆ ಬಂದು ಅವರೊಡನೆ ಕುಳಿತುಕೊಳ್ಳುವ ಹಳೆಯ ವಿದ್ಯಾರ್ಥಿಯ ಒಂದು ಗಂಟೆ, ಇವು ಅಂಥ ದಾನಗಳು. ಮಠದ ಶಾಲೆಯ ಬಾಗಿಲಿಗೆ ಬಂದ ಮಗುವಿಗೆ ಅನ್ನ ಸಿಕ್ಕಿದೆ, ಆಸರೆ ಸಿಕ್ಕಿದೆ. ತನ್ನನ್ನು ಎಲ್ಲ ಅಧ್ಯಾಪಕರೂ ಒಂದೇ ಕಣ್ಣಿನಿಂದ ನೋಡುತ್ತಾರೆಂಬ ನಂಬಿಕೆಯೂ ಸಿಕ್ಕಿತೆಂದರೆ, ಶಿಸ್ತನ್ನು ಹೊರಗಿನಿಂದ ಹೇರುವ ಪ್ರಮೇಯ ಬಹುಮಟ್ಟಿಗೆ ಬಾರದು.