ವೇಗ ಕೊಂಡರೂ ‘ಲ್ಯಾಗ್’ ಹೋಗದೇಕೆ?

ಸಂಜೆಯಾದರೆ ಸಾಕು, ಅಮೆರಿಕದ ನಮ್ಮ ಎಷ್ಟೋ ಮನೆಗಳಲ್ಲಿ ಮಹಡಿಯಿಂದ “ಲ್ಯಾಗ್! ಲ್ಯಾಗ್!” ಎಂಬ ಕೂಗು. ಮರುದಿನವೇ ಅಪ್ಪಂದಿರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಇನ್ನೂ ದುಬಾರಿ ಪ್ಲಾನ್ ಹಾಕಿಸುತ್ತಾರೆ. ತಿಂಗಳ ಬಿಲ್ಲು ಏರುತ್ತದೆ, ಆಟ ಮಾತ್ರ ಮೊದಲಿನಂತೆಯೇ ಮುಗ್ಗರಿಸುತ್ತದೆ.

ಇಲ್ಲಿನ ಸಂಪರ್ಕ ಆಯೋಗ ಎಫ್.ಸಿ.ಸಿ., ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ವೇಗವನ್ನು 2024ರ ಮಾರ್ಚಿನಲ್ಲಿ 25/3 ಮೆಗಾಬಿಟ್‌ನಿಂದ 100/20ಕ್ಕೆ ಏರಿಸಿತು. ಸಂತೋಷವೇ. ಆದರೆ ಆಡುವುದಕ್ಕೆ ಕೆಲವೇ ಮೆಗಾಬಿಟ್ ಸಾಕು. ಆಟಕ್ಕೆ ಮುಖ್ಯವಾದದ್ದು ಪಿಂಗ್, ಅಂದರೆ ಪುಟ್ಟ ಸಂದೇಶವೊಂದು ಸರ್ವರಿಗೆ ಹೋಗಿ ಮರಳುವ ಸಮಯ. ಹೈವೇಗೆ ನಾಲ್ಕು ಲೇನ್ ಸೇರಿಸಿದರೆ ಊರು ಹತ್ತಿರ ಬರುವುದಿಲ್ಲವಲ್ಲ!

ಕೇಬಲ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಅಪ್‌ಲೋಡ್ ದಾರಿ ಕಿರಿದು. ಮಗ ಆಡುವ ಹೊತ್ತಿಗೇ ಅಮ್ಮನ ಫೋನಿನ ಫೋಟೊಗಳು ಕ್ಲೌಡಿಗೆ ಏರತೊಡಗಿದರೆ ಮೋಡೆಮ್ಮಿನಲ್ಲಿ ಉದ್ದನೆಯ ಕ್ಯೂ. 20 ಮಿಲಿಸೆಕೆಂಡಿನ ಪಿಂಗ್ 200 ದಾಟಬಹುದು. ಇದಕ್ಕೆ ‘ಬಫರ್‌ಬ್ಲೋಟ್’ ಎನ್ನುತ್ತಾರೆ. ರೂಟರಿನಲ್ಲಿ ‘ಎಸ್‌ಕ್ಯೂಎಂ’ ಎಂಬ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ನಿಜವಾಗಿ ಸಿಗುವ ವೇಗಕ್ಕಿಂತ ಸುಮಾರು ಶೇ. 10 ಕಡಿಮೆ ಮಿತಿ ಕೊಡಿ. ವೇಗ ಇಳಿಸಿದರೆ ಆಟ ಚುರುಕಾಗುತ್ತದೆ ಎಂದರೆ ನಗುತ್ತೀರೇನೋ, ಆದರೆ ಕ್ಯೂ ಕರಗುವುದು ಹಾಗೆಯೇ. ಅದಕ್ಕೂ ಮೊದಲು ವೈಫೈ ಬಿಟ್ಟು ಈಥರ್ನೆಟ್ ಕೇಬಲ್ ಎಳೆದು ನೋಡಿ. ಹಾಲಿನ ಅಂದ ಕೆಟ್ಟಿತೆಂದು ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.

ಕಂಪನಿಗಳಿಗೂ ಇದು ಗೊತ್ತು. ಈ ಕಾಯುವಿಕೆಯನ್ನು ತಮ್ಮ ಜಾಲದಲ್ಲೇ ತಗ್ಗಿಸುವ ‘ಎಲ್‌ಫೋರ್‌ಎಸ್’ ತಂತ್ರವನ್ನು ಕಾಮ್‌ಕಾಸ್ಟ್ 2025ರ ಜನವರಿಯಲ್ಲಿ ಕೆಲವು ನಗರಗಳಲ್ಲಿ ಆರಂಭಿಸಿತು. ಜಾಹೀರಾತುಗಳಲ್ಲಿ ಮಾತ್ರ ಈಗಲೂ ಗಿಗಾಬಿಟ್ಟಿನದೇ ಜಪ. 2024ರ ಏಪ್ರಿಲ್ 10ರಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನಿನ ಜೊತೆ, ಆಹಾರದ ಡಬ್ಬಿಯ ಮೇಲಿರುವಂಥ ಒಂದು ಲೇಬಲ್ ಕೊಡಬೇಕೆಂಬ ನಿಯಮ ಬಂದಿದೆ. ಅದರಲ್ಲಿ ಬೆಲೆ, ವೇಗದ ಜೊತೆ ಲೇಟೆನ್ಸಿಯೂ ಇರುತ್ತದೆ. ಸಹಿ ಹಾಕುವ ಮುನ್ನ ಆ ಸಾಲು ಓದಿ. ನಿಮ್ಮ ಮನೆಯ ಲೈನು ತುಂಬಿದಾಗ ಏನಾಗುತ್ತದೆಂದು ಮಾತ್ರ ಅದು ಹೇಳದು.

ಬೆಂಗಳೂರಿನ ಕಸಿನ್ ಜೊತೆ ಆಡುವ ಮಕ್ಕಳ ಕಥೆ ಬೇರೆ. ಕ್ಯಾಲಿಫೋರ್ನಿಯಾಕ್ಕೂ ಬೆಂಗಳೂರಿಗೂ ಸುಮಾರು 14,000 ಕಿ.ಮೀ. ಫೈಬರಿನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ನೇರ ದಾರಿಯಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕೇ ಬೇಕು, ಸಮುದ್ರದ ಕೇಬಲ್‌ಗಳು ಸುತ್ತಿ ಬರುವುದರಿಂದ ಇನ್ನೂ ಹೆಚ್ಚು. ಇದಕ್ಕೆ ಯಾವ ಪ್ಲಾನೂ ಮದ್ದಲ್ಲ. ಆಟದಲ್ಲಿ ಅವಕಾಶವಿದ್ದರೆ ನಡುವಿನ ಜಪಾನಿನ ಸರ್ವರ್ ಆರಿಸಲಿ, ಕಷ್ಟ ಇಬ್ಬರಿಗೂ ಹಂಚಿಹೋಗುತ್ತದೆ.