ಬೇಲಿಫ್ ಬಾಗಿಲಿಗೆ ಬರುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಪಟ್ಟಣಗಳಲ್ಲಿಯೂ ಸಿವಿಲ್ ನ್ಯಾಯಾಲಯಗಳಿವೆ. ಪಟ್ಟಣದೊಳಗೆ ವಾಸಿಸುವವರಿಗೆ ಅವು ದೂರದ ದಾರಿಯೇನೂ ಅಲ್ಲ. ಆದರೂ ಬಾಡಿಗೆ ಬಾಕಿಯ ದಾವೆಯೊಂದು ತಮ್ಮ ಮೇಲೆ ದಾಖಲಾದಾಗ ಆ ದಾರಿಯನ್ನು ತುಳಿಯದೆ ಮನೆಯಲ್ಲಿ ಉಳಿದುಬಿಡುವವರನ್ನು ನಮ್ಮ ಮೊಹಲ್ಲಾಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಕಡೆಗೆ ನ್ಯಾಯಾಲಯವೇ ಅವರ ಮನೆಗೆ ಬರುತ್ತದೆ, ಬೇಲಿಫ್‌ನ ರೂಪದಲ್ಲಿ, ಜಪ್ತಿ ವಾರಂಟಿನೊಂದಿಗೆ. ಅಂದು ಗಲ್ಲಿಯಲ್ಲಿ ಜನ ಸೇರುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ, ಬಡವರ ಮೇಲೆ ಹಠಾತ್ತನೆ ಅನ್ಯಾಯವೊಂದು ಎರಗಿದೆ ಎಂಬ ಭಾವನೆ ಎಲ್ಲರಲ್ಲೂ ಮೂಡುತ್ತದೆ.

ಆದರೆ ಅದು ಹಠಾತ್ತನೆ ಬಂದುದಲ್ಲ. ಅದಕ್ಕೊಂದು ದೀರ್ಘ ಪೂರ್ವಚರಿತ್ರೆಯಿದೆ. ಮಳೆ ಕೈಕೊಟ್ಟ ವರ್ಷ ಪೇಟೆಯಲ್ಲಿ ವ್ಯಾಪಾರ ಕುಸಿಯುತ್ತದೆ. ಇಂಡಿಯ ನಿಂಬೆಗೆ ಬೆಲೆ ಬೀಳುತ್ತದೆ. ಮನೆಯ ಗಂಡಸರು ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೋ ಗೋವಾಕ್ಕೋ ಹೋಗುತ್ತಾರೆ. ನಾಲ್ಕು ತಿಂಗಳ ಬಾಡಿಗೆ ಎಂಟಾಗುತ್ತದೆ. ಮಾಲೀಕ ಮೊದಲು ಬಾಯಿಮಾತಿನಲ್ಲಿ ಕೇಳುತ್ತಾನೆ, ಬಳಿಕ ವಕೀಲರ ಮೂಲಕ ರಿಜಿಸ್ಟರ್ಡ್ ನೋಟಿಸು ಕಳುಹಿಸುತ್ತಾನೆ. ಅಂಚೆಯಣ್ಣನ ಕೈಯಿಂದ ಅದನ್ನು ಪಡೆಯದಿದ್ದರೆ ಸಾಲವೇ ಇಲ್ಲವಾಗುತ್ತದೆ ಎಂಬಂತೆ ಮನೆಯವರು ಲಕೋಟೆಯನ್ನು ಹಿಂದಿರುಗಿಸುತ್ತಾರೆ. ತಿಂಗಳುಗಳ ನಂತರ ಸಮನ್ಸ್ ಬರುತ್ತದೆ. ಬಾಗಿಲ ಹಿಂದಿನಿಂದ ಉತ್ತರ ಬರುತ್ತದೆ: "ಮನ್ಯಾಗ ಗಂಡಸರಿಲ್ರೀ, ಆಮ್ಯಾಲ ಬರ್ರಿ."

ಇಲ್ಲಿಯೇ ಅರ್ಧ ಮೊಕದ್ದಮೆ ಸೋತಂತಾಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಐದನೆಯ ಆದೇಶದ ಪ್ರಕಾರ ಪ್ರತಿವಾದಿ ಮನೆಯಲ್ಲಿಲ್ಲದೆ, ಸದ್ಯಕ್ಕೆ ಸಿಗುವ ಸಂಭವವೂ ಇಲ್ಲದಿದ್ದರೆ ಅವನೊಂದಿಗೆ ವಾಸಿಸುವ ವಯಸ್ಕ ಕುಟುಂಬ ಸದಸ್ಯರಿಗೆ ಸಮನ್ಸ್ ಕೊಡಬಹುದು. ಆ ಸದಸ್ಯರು ಪುರುಷರಾದರೂ ಸರಿ, ಸ್ತ್ರೀಯರಾದರೂ ಸರಿ. ತೆಗೆದುಕೊಳ್ಳಲು ನಿರಾಕರಿಸಿದರೆ ಅದರ ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸಿ ಹೋಗುವ ಅಧಿಕಾರ ಜಾರಿಕಾರನಿಗಿದೆ. ನ್ಯಾಯಾಲಯ ಅದನ್ನು ಸಮರ್ಪಕ ಜಾರಿಯೆಂದು ಅಂಗೀಕರಿಸಿದ ಮೇಲೆ ನಿಗದಿತ ದಿನ ಪ್ರತಿವಾದಿಯ ಹೆಸರನ್ನು ಕೂಗಲಾಗುತ್ತದೆ. ಉತ್ತರಿಸುವವರಿಲ್ಲ. ವಾದಿ ಹೇಳಿದ ಬಾಡಿಗೆಯೇ ಬಾಡಿಗೆ, ಅವನು ತೋರಿಸಿದ ಬಾಕಿಯೇ ಬಾಕಿ ಎಂದು ಏಕಪಕ್ಷೀಯ ಡಿಕ್ರಿಯಾಗುವ ಸಾಧ್ಯತೆಯೇ ಹೆಚ್ಚು. ನಡುನಡುವೆ ಕೈಗಿತ್ತ ಸಾವಿರ ಎರಡು ಸಾವಿರಗಳಿಗೆ ರಶೀದಿ ಇಲ್ಲ, ಇದ್ದರೂ ಅದನ್ನು ತೋರಿಸಲು ಅಲ್ಲಿ ಯಾರೂ ಇಲ್ಲ. (ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶವು ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತದಲ್ಲಿದೆ. ಅದನ್ನು ಓದುವ ನಾವು ಅಂಗಡಿಯ ಕರಾರನ್ನು ಮಾತ್ರ ಬಾಯಿಮಾತಿನಲ್ಲೇ ಮುಗಿಸುತ್ತೇವೆ. ಈಗ ಮೊಬೈಲಿನಲ್ಲಿ ಹಣ ಕಳುಹಿಸಿದರೆ ದಾಖಲೆ ತಾನಾಗಿ ಉಳಿಯುತ್ತದೆ, ಅಷ್ಟನ್ನಾದರೂ ಮಾಡಬಹುದಲ್ಲವೇ?)

ಹಾಜರಾದವನಿಗೂ ಹಾಜರಾಗದವನಿಗೂ ಕಾನೂನು ಮಾಡುವ ವ್ಯತ್ಯಾಸವನ್ನು ಗಮನಿಸಬೇಕು. ಹಣದ ಡಿಕ್ರಿ ಮಾಡುವ ಹೊತ್ತಿನಲ್ಲಿ, ಸೂಕ್ತ ಕಾರಣ ಕಂಡರೆ, ಬಾಕಿಯನ್ನು ಕಂತುಗಳಲ್ಲಿ ಕಟ್ಟುವಂತೆ ನ್ಯಾಯಾಧೀಶರು ಆದೇಶಿಸಬಹುದು. ಇಪ್ಪತ್ತನೆಯ ಆದೇಶದ 11ನೆಯ ನಿಯಮವು ಇದಕ್ಕೆ ಅವಕಾಶ ಕೊಟ್ಟಿದೆ. ಡಿಕ್ರಿಯಾದ ನಂತರ ಅದೇ ಕಂತನ್ನು ಬೇಡಿದರೆ ಡಿಕ್ರಿದಾರನ ಒಪ್ಪಿಗೆ ಬೇಕು. ಅಂದರೆ ಮೊದಲ ದಿನ ನ್ಯಾಯಾಧೀಶರ ಮುಂದೆ ನಿಂತು ತನ್ನ ಸ್ಥಿತಿಯನ್ನು ಹೇಳಿಕೊಳ್ಳಬಹುದಾಗಿದ್ದವನು ಕಡೆಯ ದಿನ ಮಾಲೀಕನ ಮುಂದೆ ಅಂಗಲಾಚಬೇಕಾಗುತ್ತದೆ. ಹಾಗೆಯೇ, ಬಾಡಿಗೆ ಕೊಡದ ಕಾರಣದಿಂದಲೇ ಕರಾರು ರದ್ದಾಯಿತೆಂದು ತೆರವಿಗೆ ದಾವೆ ಹೂಡಿದಾಗ, ವಿಚಾರಣೆಯ ವೇಳೆ ಬಾಕಿ, ಬಡ್ಡಿ ಮತ್ತು ಖರ್ಚನ್ನು ಒಪ್ಪಿಸಿದ ಬಾಡಿಗೆದಾರನನ್ನು ಅಲ್ಲಿಯೇ ಉಳಿಸುವ ಅಧಿಕಾರವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 114ನೆಯ ಕಲಮು ನ್ಯಾಯಾಲಯಕ್ಕೆ ನೀಡಿದೆ. ಹದಿನೈದು ದಿನಗಳ ನೋಟಿಸಿನಿಂದ ತಿಂಗಳ ಬಾಡಿಗೆಯನ್ನೇ ಕೊನೆಗೊಳಿಸಿದ ಮಾಲೀಕನ ವಿರುದ್ಧ ಈ ವಾದ ನಡೆಯದು ಎಂಬುದನ್ನೂ ಹೇಳಬೇಕು. ಆದರೆ ಯಾವ ವಾದ ನಡೆಯುತ್ತದೆ, ಯಾವುದು ನಡೆಯದು ಎಂದು ತಿಳಿಯುವುದಕ್ಕೂ ಹಾಜರಾಗಲೇಬೇಕಲ್ಲವೇ?

ಏಕಪಕ್ಷೀಯ ಡಿಕ್ರಿಯಾಗಿ ಹೋಗಿದ್ದರೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗಲಿಲ್ಲ ಅಥವಾ ಬರಲಾಗದಂತಹ ನಿಜವಾದ ಕಾರಣವಿತ್ತು ಎಂದು ತೋರಿಸಿ 30 ದಿನಗಳೊಳಗೆ ರದ್ದತಿಗೆ ಅರ್ಜಿ ಹಾಕಬಹುದು. ಸಮನ್ಸ್ ಜಾರಿಯೇ ಆಗಿಲ್ಲದಿದ್ದರೆ ಆ 30 ದಿನಗಳು ಡಿಕ್ರಿಯ ವಿಷಯ ತಿಳಿದ ದಿನದಿಂದ ಆರಂಭವಾಗುತ್ತವೆ. ವಕೀಲರನ್ನು ನೇಮಿಸಲು ಹಣವಿಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಅಳಲು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯಬೇಕು. ತಾಲೂಕು ಕಾನೂನು ಸೇವಾ ಸಮಿತಿಗಳು ನ್ಯಾಯಾಲಯದ ಆವರಣದಲ್ಲಿಯೇ ಕೆಲಸ ಮಾಡುತ್ತವೆ. ಮನೆಯ ಕರಾರು ವಿಧವೆ ತಾಯಿಯ ಅಥವಾ ಪತ್ನಿಯ ಹೆಸರಿನಲ್ಲಿದ್ದು ದಾವೆ ಆಕೆಯ ಮೇಲೆಯೇ ಬಂದಿದ್ದರೆ ಈ ಸೌಲಭ್ಯವನ್ನು ಕೇಳದೇ ಇರುವುದು ಸಂಕೋಚವಲ್ಲ, ನಷ್ಟ.

ಇನ್ನು ಬೇಲಿಫ್ ಬಂದೇಬಿಟ್ಟರೆ? ಅವನು ಮಾಲೀಕನ ಕಡೆಯ ಮನುಷ್ಯನಲ್ಲ, ನ್ಯಾಯಾಲಯದ ನೌಕರ. ಅವನ ಕೈಯಲ್ಲಿರುವ ವಾರಂಟಿನಲ್ಲಿ ಹೊರಡಿಸಿದ ತಾರೀಖು, ಸಹಿ, ನ್ಯಾಯಾಲಯದ ಮೊಹರು, ಯಾವ ದಿನದೊಳಗೆ ಜಾರಿಯಾಗಬೇಕು ಎಂಬ ವಿವರ ಇರಲೇಬೇಕು. ಅದನ್ನು ಓದಿ ತೋರಿಸುವಂತೆ ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಜಪ್ತಿಗಾಗಿ ವಾಸದ ಮನೆಯನ್ನು ಪ್ರವೇಶಿಸುವಂತಿಲ್ಲ ಎಂದು ಸಂಹಿತೆಯ 62ನೆಯ ಕಲಮು ಹೇಳುತ್ತದೆ. ಅದೇ ಕಲಮಿನ ಇನ್ನೊಂದು ಮಾತು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು: ಸಂಪ್ರದಾಯದಂತೆ ಪರಪುರುಷರೆದುರು ಬಾರದ ಸ್ತ್ರೀಯರು ಇರುವ ಕೋಣೆಯನ್ನು ಪ್ರವೇಶಿಸುವ ಮುನ್ನ ಅವರಿಗೆ ತಿಳಿಸಿ, ಹೊರಹೋಗಲು ಸಾಕಷ್ಟು ಸಮಯ ಮತ್ತು ಅನುಕೂಲ ಮಾಡಿಕೊಡಬೇಕು. ಮನೆ ತೆರವಿಗೆ ಬಾಗಿಲು ತೆರೆಸಬೇಕಾಗಿ ಬಂದಾಗಲೂ ಇದೇ ಮರ್ಯಾದೆ ಪಾಲಿಸಬೇಕು. ಪರ್ದಾದ ಗೌರವವನ್ನು ಕಾಪಾಡಲು ಬಾಗಿಲಿಗೆ ಅಡ್ಡ ನಿಂತು ನೂಕಾಡುವ ಅಗತ್ಯವಿಲ್ಲ, ಕಾನೂನು ಅದನ್ನು ಮೊದಲೇ ಕೊಟ್ಟಿದೆ. ನ್ಯಾಯವಾದ ಕಾರಣವಿಲ್ಲದೆ ತೆರವಿಗೆ ಅಡ್ಡಿಪಡಿಸಿದವರನ್ನು 30 ದಿನಗಳವರೆಗೆ ಸಿವಿಲ್ ಜೈಲಿನಲ್ಲಿಡುವ ಅವಕಾಶವೂ ಅದೇ ಸಂಹಿತೆಯಲ್ಲಿದೆ. ಗಲ್ಲಿಯ ಉತ್ಸಾಹಿ ಯುವಕರು ಇದನ್ನು ನೆನಪಿಡಬೇಕು.

ಯಾವುದನ್ನು ಜಪ್ತಿ ಮಾಡಬಾರದು ಎಂಬುದಕ್ಕೆ 60ನೆಯ ಕಲಮಿನಲ್ಲಿ ಪಟ್ಟಿಯೇ ಇದೆ. ಸಾಲಗಾರನ, ಅವನ ಪತ್ನಿ ಮಕ್ಕಳ ಅಗತ್ಯದ ಬಟ್ಟೆಬರೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧಾರ್ಮಿಕ ರೂಢಿಯಂತೆ ಸ್ತ್ರೀಯು ಮೈಮೇಲಿಂದ ತೆಗೆಯಲಾಗದ ಆಭರಣ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು ಮತ್ತು ನ್ಯಾಯಾಲಯದ ಅಭಿಪ್ರಾಯದಲ್ಲಿ ಅವನ ಜೀವನೋಪಾಯಕ್ಕೆ ಬೇಕಾಗುವ ಎತ್ತು, ಬಿತ್ತನೆಯ ಬೀಜ. ಬಟ್ಟೆ ಹೊಲಿದೇ ಬದುಕುವ ದರ್ಜಿ ತನ್ನ ಹೊಲಿಗೆ ಯಂತ್ರಕ್ಕೆ, ಪಿಂಜಾರನು ತನ್ನ ಹತ್ತಿ ಹಿಂಜುವ ಸಾಧನಕ್ಕೆ ಈ ರಕ್ಷಣೆಯನ್ನು ಕೇಳಬಹುದು. ಎಪಿಎಂಸಿಯ ಹಮಾಲನ ಕೂಲಿಯನ್ನೂ ಮುಟ್ಟುವಂತಿಲ್ಲ. ಆದರೆ ಬಾಗವಾನರ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಣ್ಣಿನ ದಾಸ್ತಾನು, ಕಿರಾಣಿ ಸರಕು, ಟಿವಿ, ಫ್ರಿಜ್, ಮೋಟರ್ ಸೈಕಲ್ ಈ ಪಟ್ಟಿಯಲ್ಲಿಲ್ಲ. ಕರಾರು ಪತ್ರದಲ್ಲಿ "ಈ ರಿಯಾಯಿತಿಗಳನ್ನು ನಾನು ಬಿಟ್ಟುಕೊಟ್ಟಿದ್ದೇನೆ" ಎಂದು ಮಾಲೀಕ ಬರೆಸಿಕೊಂಡಿದ್ದರೂ ಅದು ಅನೂರ್ಜಿತ.

ಸಂಬಳದಾರರಿಗೆ ಸಿಗುವ ರಕ್ಷಣೆಯನ್ನು ನೋಡಿದರೆ ಮಾತ್ರ ನಮ್ಮ ಶಾಸಕಾಂಗದ ಆಲಸ್ಯ ಎದ್ದು ಕಾಣುತ್ತದೆ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಜಪ್ತಿಯಿಂದ ಮುಕ್ತ. ಈ ಸಾವಿರದ ಮಿತಿಯನ್ನು ತಂದದ್ದು 1999ರ ತಿದ್ದುಪಡಿ. ತಿಂಗಳಿಗೆ 16,000 ರೂಪಾಯಿ ಪಡೆಯುವ ಖಾಸಗಿ ಶಾಲೆಯ ಶಿಕ್ಷಕನೊಬ್ಬನ 5,000 ರೂಪಾಯಿ ಜಪ್ತಿಗೆ ಒಳಗಾಗಬಹುದು. ಅದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ತನ್ನ ರಕ್ಷಣೆಯನ್ನು ತಿಂಗಳ ಬಾಡಿಗೆ ದೊಡ್ಡ ಪಟ್ಟಣಗಳಲ್ಲಿ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರದ ಕಟ್ಟಡಗಳಿಗೆ ಸೀಮಿತಗೊಳಿಸಿತು. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟಿತು. ಇಂದಿನ ಬಾಡಿಗೆಗಳ ಮುಂದೆ ಆ ಅಂಕಿಗಳಿಗೆ ಏನು ಅರ್ಥ ಉಳಿದಿದೆ? ಚುನಾವಣೆಯ ಭಾಷಣಗಳಲ್ಲಿ ಬಾಡಿಗೆದಾರನು ಕಾಣಿಸಿಕೊಳ್ಳುವುದೇ ಇಲ್ಲ.

ಜೈಲಿನ ಭಯದ ಬಗ್ಗೆಯೂ ಒಂದು ಮಾತು. ಹಣದ ಡಿಕ್ರಿಗಾಗಿ ಸ್ತ್ರೀಯನ್ನು ಬಂಧಿಸುವಂತಿಲ್ಲ (56ನೆಯ ಕಲಮು). ಪುರುಷನ ವಿಷಯದಲ್ಲಿ, ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದಿರುವುದು ಸಾಬೀತಾಗದೆ ಬಡತನವೊಂದನ್ನೇ ಕಾರಣವಾಗಿಸಿ ಜೈಲಿಗೆ ಕಳುಹಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿದೆ. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಆದರೆ ಹಣವಿದ್ದೂ ಅಡಗಿಸಿಟ್ಟವನಿಗೆ ಈ ತೀರ್ಪಿನಲ್ಲಿ ಆಶ್ರಯವಿಲ್ಲ. ಬಾಕಿ 5,000 ರೂಪಾಯಿ ಮೀರಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಸಾಧ್ಯ, ಹೊರಬಂದ ಮೇಲೂ ಸಾಲ ಹಾಗೆಯೇ ಇರುತ್ತದೆ.

ವಾರಂಟೇ ಇಲ್ಲದೆ ಬರುವವರ ಕಥೆ ಬೇರೆ. ಬಾಡಿಗೆ ಬಾಕಿಯೆಂದು ಮಾಲೀಕ ತಾನೇ ಬೀಗ ಜಡಿಯುವುದು, ಸಾಮಾನು ಬೀದಿಗೆಸೆಯುವುದು ಕಾನೂನಲ್ಲ. ನೆಲೆಸಿರುವವನನ್ನು, ಅವನಿಗೆ ಉಳಿಯುವ ಹಕ್ಕು ಇಲ್ಲದಿದ್ದರೂ, ಕಾನೂನಿನ ಮಾರ್ಗದಿಂದಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಮ್ ಕೋರ್ಟು 1989ರಲ್ಲಿ ಕೃಷ್ಣ ರಾಮ್ ಮಹಾಳೆ ಪ್ರಕರಣದಲ್ಲಿ ಹೇಳಿದೆ. ಹಾಗೆ ಹೊರದೂಡಲ್ಪಟ್ಟವರು ಆರು ತಿಂಗಳೊಳಗೆ ಸ್ವಾಧೀನ ಮರಳಿ ಪಡೆಯಲು ದಾವೆ ಹೂಡಬಹುದು. ಬಾಡಿಗೆಯ ಮುಂಗಡ ಕಟ್ಟಲು ಕಿರುಸಾಲ ಪಡೆದು ಅದರ ವಸೂಲಿಗಾರರ ಕೈಗೆ ಸಿಕ್ಕವರದ್ದು ಇನ್ನೊಂದು ಸಂಕಟ. ಅವರ ಕಿರುಕುಳದಿಂದ ರಾಜ್ಯದಲ್ಲಿ ಆತ್ಮಹತ್ಯೆಗಳು ವರದಿಯಾದ ನಂತರ 2025ರ ಫೆಬ್ರವರಿ 12ರಂದು ಸರಕಾರ ಹೊರಡಿಸಿದ ಅಧ್ಯಾದೇಶವು ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಿತು. ಬಳಿಕ ಅದು ಕಾಯ್ದೆಯಾಯಿತು. ವಿಪರ್ಯಾಸವೇನೆಂದರೆ ಅಧಿಕಾರವೇ ಇಲ್ಲದ ವಸೂಲಿಗಾರನಿಗೆ ಹೆದರಿ ನಾವು ಬಾಗಿಲು ತೆರೆಯುತ್ತೇವೆ, ಅಧಿಕಾರವಿರುವ ನ್ಯಾಯಾಲಯದ ಕಾಗದಕ್ಕೆ ಬಾಗಿಲು ಮುಚ್ಚುತ್ತೇವೆ.

ಈ ವಿಷಯದಲ್ಲಿ ಸಮುದಾಯದ ನಾಯಕರೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಮಸೀದಿಯ ಮಳಿಗೆಗಳನ್ನು ತಾತನ ಕಾಲದ ಬಾಡಿಗೆಗೆ ಹಿಡಿದುಕೊಂಡು, ಅದನ್ನೂ ಬಾಕಿಯಿಟ್ಟು, ಮತ್ತೊಬ್ಬರಿಗೆ ಹಲವು ಪಟ್ಟು ಬಾಡಿಗೆಗೆ ಕೊಡುವ ಸ್ಥಿತಿವಂತರ ಎದುರು ಕಮಿಟಿಗಳು ಮೌನ ವಹಿಸುವುದುಂಟು. ಅದೇ ಕಮಿಟಿ ಎರಡು ತಿಂಗಳ ಬಾಕಿಗೆ ಬಡ ವಿಧವೆಯನ್ನು ಎಬ್ಬಿಸಲು ಮುಂದಾಗುವುದೂ ಉಂಟು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂದು ಬೋಧಿಸಿದ ಧರ್ಮವೇ, ಶಕ್ತಿಯಿದ್ದೂ ಸಾಲ ತೀರಿಸದವನನ್ನು ಅಕ್ರಮಿಯೆಂದು ಕರೆದಿದೆ. ನಾವು ಇವೆರಡನ್ನೂ ತಿರುವುಮುರುವು ಮಾಡಿಕೊಂಡಿದ್ದೇವೆ.

ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು ಎಂಬುದು ಅತ್ತೌಬಾ ಅಧ್ಯಾಯದ 60ನೆಯ ಸೂಕ್ತವನ್ನು ಓದಿದ ಎಲ್ಲರಿಗೂ ಗೊತ್ತು. ರಮಝಾನ್ ಬಂದಾಗ ನಾವು ತಯಾರಿಸುವ ಪಟ್ಟಿಗಳಲ್ಲಿ ಮನೆಮನೆಗೆ ಬಂದು ಕೈಚಾಚುವವರ ಹೆಸರುಗಳಿರುತ್ತವೆ. ಕೈಚಾಚಲು ನಾಚುವ ದರ್ಜಿಯ ಹೆಸರು, ಸಮನ್ಸನ್ನು ತಲೆದಿಂಬಿನ ಕೆಳಗೆ ಬಚ್ಚಿಟ್ಟ ಹಣ್ಣಿನ ವ್ಯಾಪಾರಿಯ ಹೆಸರು ಅಲ್ಲಿರುವುದಿಲ್ಲ. ಅವರಿಗೆ ಬೇಕಾಗಿರುವುದು ಕೆಲವೊಮ್ಮೆ ಹಣವೂ ಅಲ್ಲ, ವಾಯಿದೆಯ ದಿನ ಬೆಳಿಗ್ಗೆ ಜೊತೆಯಲ್ಲಿ ನ್ಯಾಯಾಲಯದವರೆಗೆ ಬರುವ ಒಬ್ಬ ತಿಳಿವಳಿಕಸ್ಥ. ಮುದ್ದೇಬಿಹಾಳದಲ್ಲೋ ಸಿಂದಗಿಯಲ್ಲೋ ಯಾವುದಾದರೂ ಒಂದು ಜಮಾಅತ್, ಇಬ್ಬರು ಯುವ ವಕೀಲರನ್ನು ಕರೆದು, ಜುಮಾ ನಮಾಝಿನ ನಂತರ ಒಂದು ಗಂಟೆ ಜನರ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಲಿ. ಅದಕ್ಕೆ ಕಟ್ಟಡ ನಿಧಿ ಬೇಕಿಲ್ಲ, ಮಸೀದಿಯ ಹೊರಾಂಗಣದಲ್ಲಿ ಒಂದು ಮೇಜು ಸಾಕು.