ಅಗಸಿಯ ಎಣ್ಣೆಯೂ ಆಟದ ಕೋಲೂ

ಸ್ನೂಕರ್ ಆಟದ ಕೋಲನ್ನು ಒರೆಸುವ, ಕಾಪಾಡುವ ವಿಚಾರವನ್ನು ಕನ್ನಡದ ಅಧ್ಯಾಪಕನೊಬ್ಬನು ಸಾಹಿತ್ಯದ ಪುಟದಲ್ಲಿ ಎತ್ತಿಕೊಂಡರೆ ಓದುಗರಲ್ಲಿ ಕೆಲವರಾದರೂ ನಕ್ಕಾರು. ನಗಲಿ. ವಚನಗಳನ್ನು ಪಾಠ ಹೇಳುವಾಗ ಕಾಯಕವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಾವು, ಕಟ್ಟಿಗೆಯ ಒಂದು ಸಾಮಾನನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಹುಡುಗನೊಬ್ಬನು ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತೇವೆ. ಆ ಮೌನ ನನಗೆ ಸರಿಬರಲಿಲ್ಲ. ಅದಕ್ಕಾಗಿ ಈ ಬರಹ.

ಈ ಆಟ ದೊಡ್ಡವರ ಕ್ಲಬ್ಬಿನದು, ಪೋಲಿಗಳದು, ನಮ್ಮ ಬೈಲಹೊಂಗಲ ಸವದತ್ತಿಯ ಹುಡುಗರಿಗೆ ತಕ್ಕುದಲ್ಲ ಎಂಬ ಆಕ್ಷೇಪಣೆಯನ್ನು ಮೊದಲು ತೀರಿಸಿಬಿಡೋಣ. ಆಟ ಪರದೇಶದ್ದೆಂದು ತಿಳಿಯುವವರು ಅದರ ಜಾತಕವನ್ನು ನೋಡಿಲ್ಲ. ಅದು ಹುಟ್ಟಿದ್ದು 1875ರಲ್ಲಿ, ಜಬಲ್ಪುರದ ಸೈನ್ಯದ ಬಿಡಾರದಲ್ಲಿ. ಹುಟ್ಟಿಸಿದವನು ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ). ಅದರ ನಿಯಮಗಳು ರೂಪುಗೊಂಡದ್ದು ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ. ಇದರ ಹಿರಿಯಣ್ಣನಾದ ಬಿಲಿಯರ್ಡ್ಸಿನಲ್ಲಿ 1958ರಷ್ಟು ಹಿಂದೆಯೇ ವಿಲ್ಸನ್ ಜೋನ್ಸ್ ಕಲಕತ್ತೆಯಲ್ಲಿ ಹವ್ಯಾಸಿಗಳ ಜಗತ್ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನಲ್ಲಿ ಅರವಿಂದ ಸವೂರರ ಕೈಕೆಳಗೆ ಕಲಿತ ಪಂಕಜ್ ಅಡ್ವಾಣಿಯವರು 2003ರಲ್ಲಿ ಸ್ನೂಕರಿನ ಜಗತ್ಪ್ರಶಸ್ತಿಯನ್ನು ಪಡೆದ ಮೇಲೆ ಎರಡೂ ಆಟಗಳಲ್ಲಿ ಗೆದ್ದ ಪ್ರಶಸ್ತಿಗಳು ಇಪ್ಪತ್ತನ್ನು ಮೀರಿವೆ. ಇನ್ನು ಪೋಲಿತನದ ಮಾತು. ಪೋಲಿತನ ಆಡುವವನಲ್ಲಿರುತ್ತದೆಯೇ ಹೊರತು ಕೋಲಿನಲ್ಲಿರುವುದಿಲ್ಲ.

ಆ ಕೋಲಿಗೆ ಇಂಗ್ಲಿಷಿನಲ್ಲಿ 'ಕ್ಯೂ' ಎಂದು ಹೆಸರು. ಫ್ರೆಂಚ್ ಭಾಷೆಯ ಬಾಲವೆಂಬ ಅರ್ಥದ ಮಾತು ಅದು. ಮೊದಲಲ್ಲಿ ಚೆಂಡನ್ನು ನೂಕುತ್ತಿದ್ದುದು ಗದೆಯಂತೆ ತಲೆಯುಳ್ಳ ಒಂದು ಸಾಧನದಿಂದ. ಚೆಂಡು ಮೇಜಿನ ಅಂಚಿಗೆ ಅಂಟಿ ನಿಂತಾಗ ಆ ದಪ್ಪ ತಲೆ ತಾಕದೆ ಆಟಗಾರರು ಗದೆಯನ್ನು ತಿರುಗಿಸಿ ಹಿಡಿಯ ತುದಿಯಿಂದ, ಎಂದರೆ ಬಾಲದಿಂದ, ಹೊಡೆಯತೊಡಗಿದರು. ಕಡೆಗೆ ಗದೆ ಹೋಯಿತು, ಬಾಲ ಉಳಿಯಿತು. ಇದಕ್ಕೆ ಸಂಸ್ಕೃತದಿಂದ ಹೊಸ ಪದವನ್ನು ಕಡೆದುಕೊಡಿರೆಂದು ಯಾರಾದರೂ ಕೇಳಿದರೆ ನಾನು ಒಪ್ಪುವವನಲ್ಲ. ಕ್ಯೂ ಎಂದರೂ ಸರಿ, ಕೋಲು ಎಂದರೂ ಸರಿ. ನನ್ನ ಚಿಂತೆ ಕೋಲಿನ ಹೆಸರಿನದಲ್ಲ, ಅದನ್ನು ನೋಡಿಕೊಳ್ಳುವ ಮಾತುಗಳದು.

ಧಾರವಾಡದಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಹತ್ತಿ ಮಾರಿದ ಹಣದಲ್ಲಿ ತಂದೆಯನ್ನು ಕಾಡಿ ಬೇಡಿ ಕೊಂಡ ಕೋಲನ್ನು ಕಳೆದ ಮಳೆಗಾಲದಲ್ಲಿ ನನ್ನ ಮನೆಗೆ ತಂದಿದ್ದನು. ಕೈಯಲ್ಲಿ ಹಿಡಿದರೆ ಬೆಲ್ಲದ ಪಾಕ ಮುಟ್ಟಿದಂತೆ ಅಂಟು. "ಶೇಂಗಾ ಎಣ್ಣಿ ಹಚ್ಚೇನ್ರಿ ಸರ, ತಿಂಗಳಾತು, ಅಂಟು ಹೋಗವಲ್ದು" ಎಂದನು. ಅಂದು ನಮ್ಮ ಬಾಗಿಲ ಚೌಕಟ್ಟನ್ನು ಸರಿಮಾಡಲು ಬಂದಿದ್ದ ಮುದುಕ ಬಡಿಗೇರರು ತಲೆಯೆತ್ತಿ ನೋಡಿ, "ಶೇಂಗಾ ಎಣ್ಣಿ ಒಣಗಂಗಿಲ್ಲೋ ತಮ್ಮಾ, ಅಗಸಿ ಎಣ್ಣಿ ಒಣಗತೈತಿ" ಎಂದರು. ಅವರು ಸ್ನೂಕರ್ ಮೇಜನ್ನು ಕಣ್ಣಿನಿಂದ ಕಂಡವರಲ್ಲ.

ಅವರ ಆ ಒಂದು ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ಶೇಂಗಾ, ಕೊಬ್ಬರಿ, ಔಡಲ ಇವುಗಳ ಎಣ್ಣೆಗಳು ಎಷ್ಟು ದಿನ ಕಳೆದರೂ ಎಣ್ಣೆಯಾಗಿಯೇ ಉಳಿಯುತ್ತವೆ. ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ. ಅಗಸಿಯ ಎಣ್ಣೆಯ ಗುಣ ಬೇರೆ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಕಣಕ್ಕೆ ಕಣ ಹೆಣೆದುಕೊಂಡು, ಕಟ್ಟಿಗೆಯ ರಂಧ್ರಗಳಲ್ಲಿ ಗಟ್ಟಿಯಾದ ತೆಳು ಪೊರೆಯಾಗುತ್ತದೆ. ನೀರು ಆರುವಂತೆ ಅದು ಆರುವುದಿಲ್ಲ, ಮಾಗುತ್ತದೆ ಎಂದರೆ ಸರಿಯಾದೀತು. ಚಿತ್ರಕಾರರು ಅದರಲ್ಲಿ ಬಣ್ಣ ಕಲಸುವುದೂ, ಕ್ರಿಕೆಟ್ ದಾಂಡಿಗೆ ಅದನ್ನು ಉಣಿಸುವುದೂ ಈ ಗುಣಕ್ಕಾಗಿಯೇ. ಇಂಗ್ಲೆಂಡಿನಲ್ಲಿ ಸ್ನೂಕರ್ ಕೋಲನ್ನು ಮಾಡುವವರು ಬಹುಕಾಲದಿಂದ ನೆಚ್ಚಿಕೊಂಡಿರುವುದೂ ಇದನ್ನೇ.

ನಮ್ಮ ಎರೆಮಣ್ಣಿನ ಹಿಂಗಾರಿಯಲ್ಲಿ ಜೋಳ ಕಡಲೆಗಳ ನಡುವೆ ನೀಲಿ ಹೂವಿನ ಸಾಲಾಗಿ ನಿಲ್ಲುತ್ತಿದ್ದ ಬೆಳೆಯೇ ಇದು! ಅಗಸಿ ಹಿಂಡಿ ಇಲ್ಲದ ರೊಟ್ಟಿಯ ಬುತ್ತಿ ಈ ಸೀಮೆಯಲ್ಲಿ ಬುತ್ತಿಯೇ ಅಲ್ಲ. ಸೋಯಾ ಅವರೆಯೂ ಕಬ್ಬೂ ಹೊಲಗಳನ್ನು ಆವರಿಸಿದ ಮೇಲೆ ಆ ನೀಲಿಯ ಸಾಲುಗಳು ಕಣ್ಣಿಗೆ ಬೀಳುವುದು ಅಪರೂಪವಾಗಿದೆಯಾದರೂ ಅಡುಗೆಮನೆಯ ಡಬ್ಬಿಯಲ್ಲಿ ಅಗಸಿ ಇನ್ನೂ ಇದೆ. ತನ್ನ ಊರ ಬೆಳೆಯೇ ತನ್ನ ಕೋಲಿಗೆ ಮದ್ದೆಂಬುದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಶಾಲೆಯೂ ಹೇಳಲಿಲ್ಲ, ಕಾಲೇಜೂ ಹೇಳಲಿಲ್ಲ.

ಹಚ್ಚುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕೋಲಿನ ಮುಂಭಾಗ ಬಹುಮಟ್ಟಿಗೆ ಆಶ್ ಎಂಬ ಶೀತದೇಶದ ಮರದ್ದು. ಕೆಲವು ಮೇಪಲ್ ಮರದವು. ಹಿಡಿಯ ಕಡೆಗೆ ಕರಿಮರವನ್ನೋ ಬೀಟೆಯನ್ನೋ ಬೆಸೆದಿರುತ್ತಾರೆ. ಆಶ್ ಮರದ ನಾರು ತೆರೆದ ಬಾಯಿಯದು. ಬೆವರೂ ಸೀಮೆಸುಣ್ಣದ ಪುಡಿಯೂ ಅಲ್ಲಿ ಸೇರಿ ಕಪ್ಪಗೆ ಕೂರುತ್ತವೆ. ಆಟ ಮುಗಿದೊಡನೆ ಒಣ ಹತ್ತಿಬಟ್ಟೆಯಿಂದ ಉದ್ದಕ್ಕೂ ಒರೆಸಿದರೆ ಮುಕ್ಕಾಲು ಕೆಲಸ ಆದಂತೆ. ಕೊಳೆ ಹಟ ಹಿಡಿದಿದ್ದರೆ ಬಟ್ಟೆಯನ್ನು ನೀರಲ್ಲದ್ದಿ ಬಿಗಿಯಾಗಿ ಹಿಂಡಿ, ಒಮ್ಮೆ ಒರೆಸಿ, ಕೂಡಲೆ ಒಣಬಟ್ಟೆಯಿಂದ ಅಂಗೈ ಬಿಸಿಯಾಗುವವರೆಗೆ ತಿಕ್ಕಬೇಕು. ಎಣ್ಣೆ ವರ್ಷಕ್ಕೆ ಎರಡು ಮೂರು ಸಲ ಸಾಕು. ನಾಲ್ಕಾರು ಹನಿ ಬಟ್ಟೆಗೆ ತೆಗೆದುಕೊಂಡು ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಕಟ್ಟಿಗೆ ಕುಡಿಯದೆ ಉಳಿಸಿದ್ದನ್ನೆಲ್ಲ ಒರೆಸಿ ತೆಗೆಯಬೇಕು. ಗಾಣದ ಹಸಿ ಎಣ್ಣೆ ಮಾಗಲು ದಿನಗಳು ಬೇಕು, ಆಷಾಢದಲ್ಲಿ ಇನ್ನೂ ಹೆಚ್ಚು. ಬಣ್ಣದ ಅಂಗಡಿಯ 'ಕುದಿಸಿದ' ಎಣ್ಣೆ ಬೇಗ ಆರುತ್ತದೆ, ಆದರೆ ಅದರಲ್ಲಿ ಲೋಹದ ಲವಣಗಳು ಬೆರೆತಿರುವುದರಿಂದ ಅಡುಗೆಮನೆಯ ಹತ್ತಿರ ಸುಳಿಯಗೊಡಬಾರದು. ಮೆರುಗೆಣ್ಣೆ ಬಳಿದ ಕೋಲಿಗೆ ಈ ಉಪಚಾರವೆಲ್ಲ ವ್ಯರ್ಥ. ಅದರ ಮೈ ಏನನ್ನೂ ಕುಡಿಯದು, ಒರೆಸಿದರಾಯಿತು.

ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಗಾಳಿಯೊಡನೆ ಬೆರೆಯುವಾಗ ಅಗಸಿಯ ಎಣ್ಣೆ ಬಿಸಿಯನ್ನು ಹೊರಬಿಡುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿ ಕೂಡಿ ತಾನೇ ಹೊತ್ತಿಕೊಂಡೀತು. ಹತ್ತಿಯ ಅಂಡಿಗೆಗಳ ನಡುವೆ ಬದುಕುವ ಬೈಲಹೊಂಗಲದವರಿಗೆ ಬೆಂಕಿಯ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಹರವಬೇಕು.

ಮರಳುಕಾಗದದಿಂದ ತಿಕ್ಕಿ ಹೊಳಪು ತರುವವರನ್ನು ಕಂಡಿದ್ದೇನೆ. ತುದಿಯಲ್ಲಿ ಒಂದು ಸೆಂಟಿಮೀಟರೂ ತುಂಬದ ದಪ್ಪದಿಂದ ಹಿಡಿಯವರೆಗೆ ಸಣ್ಣಗೆ ಏರುವ ಆ ಮೈಕಟ್ಟನ್ನು ಮಾಡಿದವನು ಕಣ್ಣಳತೆಯಿಂದ ಇಳಿಸಿರುತ್ತಾನೆ. ತಿಕ್ಕಿದಷ್ಟೂ ಕೋಲು ಬಡವಾಗುತ್ತದೆ. ಹೋದ ಕಟ್ಟಿಗೆ ಮರಳಿ ಬಾರದು. ರಾಮದುರ್ಗದ ನೇಕಾರರ ಮನೆಯಲ್ಲಿ ಲಾಳಿಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಲಾಳಿಯ ಮೈಯಲ್ಲಿ ಒಂದು ಸಿಬಿರು ಎದ್ದರೂ ಹಾಸಿನ ಎಳೆ ಹರಿಯುತ್ತದೆ. ಎಡಗೈಯ ಬೆರಳುಗಳ ನಡುವೆ ಜಾರುವ ಕೋಲಿನ ಮೈಯೂ ಹಾಗೆಯೇ. ಬೆರಳು ತಡೆದರೆ ಗುರಿ ತಪ್ಪಿತು. ನೇಕಾರನು ಲಾಳಿಯ ಮೇಲೆ ಹೆಬ್ಬೆರಳನ್ನು ಎಳೆದು ನೋಡುವ ಆ ಪರೀಕ್ಷೆಯನ್ನು ನಮ್ಮ ಹುಡುಗರು ಕಲಿಯಬೇಕು.

ಹವೆಯ ಮಾತೂ ಇದೆ. ಕಿತ್ತೂರು ಮಲೆನಾಡಿನ ಸೆರಗು, ರಾಮದುರ್ಗ ಬಯಲುಸೀಮೆಯ ಒಡಲು. ಅಲ್ಲಿ ಆಷಾಢದಲ್ಲಿ ಗೋಡೆಗಳೇ ಬೆವರುವಾಗ ಇಲ್ಲಿ ಮೋಡ ನೋಡುತ್ತ ಕುಳಿತಿರುತ್ತಾರೆ. ಕಟ್ಟಿಗೆ ಕಡಿದು ಎಷ್ಟು ಕಾಲವಾದರೂ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಒಂದು ಮೈ ಹೆಚ್ಚು, ಇನ್ನೊಂದು ಮೈ ಕಡಿಮೆ ಹೀರಿದರೆ ಬಾಗುತ್ತದೆ. ಎಣ್ಣೆಯೂ ಇದನ್ನು ಪೂರ್ತಿ ತಡೆಯಲಾರದು, ನಿಧಾನಗೊಳಿಸೀತು. ಹಸಿಗೋಡೆಗೆ ಓರೆಯಾಗಿ ಆನಿಸಿಟ್ಟ ಕೋಲು ಬಿಲ್ಲಾಗದೆ ಇನ್ನೇನಾದೀತು? ಮಲಗಿಸಿಡಬೇಕು, ಇಲ್ಲವೆ ನೆಟ್ಟಗೆ ತೂಗುಹಾಕಬೇಕು. ನಮ್ಮ ಹಿರಿಯರು ಬಿತ್ತಿಗೆ ಮುಗಿದ ಮೇಲೆ ಕೂರಿಗೆಯನ್ನು ಜಂತಿಗೆ ಕಟ್ಟುತ್ತಿದ್ದುದು ಜಾಗ ಉಳಿಸಲೆಂದು ಮಾತ್ರವಲ್ಲ.

ಕೋಲಿನ ತುದಿಯಲ್ಲಿ ತೊಗಲಿನ ಬಿಲ್ಲೆ, ಅದರ ಕೆಳಗೆ ಕಟ್ಟಿಗೆ ಸೀಳದಂತೆ ಹಿತ್ತಾಳೆಯ ಬಳೆ. ಈ ಬಳೆಗೆ ಕನ್ನಡದಲ್ಲಿ ಏನೆನ್ನಬೇಕೆಂದು ವಿದ್ಯಾರ್ಥಿ ಕೇಳಿದಾಗ ನನಗೆ ಸಂತೋಷವಾಯಿತು. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಗೆ ಅಣಸು ಎಂಬ ಹೆಸರು ಎಂದಿನಿಂದಲೂ ಇದೆ. ಕೆಲಸ ಒಂದೇ, ಹೆಸರೂ ಅದೇ ಇರಲಿ. ಒನಕೆ ಮೂಲೆ ಸೇರಿದ ಮೇಲೆ ಆ ಪದ ನಿಘಂಟಿನಲ್ಲಿ ಒಂಟಿಯಾಗಿ ಕುಳಿತಿತ್ತು. ಈ ಹುಡುಗನ ಬಾಯಲ್ಲಿ ಅದಕ್ಕೆ ಮತ್ತೆ ಕೆಲಸ ದೊರೆಯಿತು. ಕನ್ನಡದ ಉಳಿವನ್ನು ಕುರಿತು ಭಾಷಣ ಮಾಡುವವರು ಇಂಥ ಕಡೆಗೂ ಒಮ್ಮೆ ತಿರುಗಿ ನೋಡಬೇಕೆಂಬುದು ನನ್ನ ಬಿನ್ನಹ. ನಾವು ಬಡಿಗೇರರ ಮಾತುಗಳನ್ನು ಜಾನಪದವೆಂದು ಕರೆದು, ಸಂಗ್ರಹಿಸಿ, ಪ್ರಬಂಧ ಬರೆದು ಪದವಿ ಪಡೆಯುತ್ತೇವೆ. ಬಡಿಗೇರರು ಮಾತ್ರ ಇನ್ನೂ ಬಾಗಿಲ ಹೊರಗೇ ನಿಂತಿದ್ದಾರೆ.

ಕಾಲೇಜುಗಳ ಜಿಮಖಾನಾ ಕೋಣೆಗಳನ್ನು ನಾನು ಬಲ್ಲೆ. ಪ್ರತಿವರ್ಷ ಹೊಸ ದಾಂಡು, ಹೊಸ ಲೇಜಿಮು, ಹೊಸ ಕೇರಂ ಹಲಗೆ. ಪ್ರತಿ ಮಳೆಗಾಲ ಅವಕ್ಕೆ ಬೂಷ್ಟು, ಗೆದ್ದಲು. ಕೊಳ್ಳಲು ಅನುದಾನವುಂಟು, ಕಾಪಾಡಲು ಕಾಸಿಲ್ಲ. ಒಂದು ಸೀಸೆ ಅಗಸಿಯ ಎಣ್ಣೆ, ನಾಲ್ಕು ಹಳೆಯ ಪಂಚೆಯ ತುಂಡು, ಗೌರವಧನ ಕೊಟ್ಟು ಕರೆಸಿದ ಒಬ್ಬ ಬಡಿಗೇರರು, ಒಂದು ಮಧ್ಯಾಹ್ನ: ಇಷ್ಟಕ್ಕೆ ಯಾವ ಅನುದಾನ ಬೇಕು? ಕನ್ನಡ ವಿಭಾಗವೂ ಆ ಮಧ್ಯಾಹ್ನ ಅಲ್ಲಿ ಕುಳಿತು ಅವರಾಡುವ ಮಾತುಗಳನ್ನು ಬರೆದುಕೊಳ್ಳಲಿ.

ಅಗಸಿಯ ಸುಗ್ಗಿ ಮಾಘ ಫಾಲ್ಗುಣಗಳಲ್ಲಿ. ಹೊಸ ಎಣ್ಣೆ ಗಾಣದಿಂದ ಇಳಿಯುವ ಹೊತ್ತಿಗೆ ಪರೀಕ್ಷೆಗಳು ಇನ್ನೂ ದೂರವಿರುತ್ತವೆ, ಬಿಸಿಲೂ ಚೆನ್ನಾಗಿರುತ್ತದೆ, ಹಚ್ಚಿದ ಎಣ್ಣೆ ಬೇಗ ಮಾಗುತ್ತದೆ.